ಎರಡನೆಯ ಕೀಲಿ

ಗ್ರಿಮ್ಸ್‌ಬಿಯ ಶಾಖೆ. ಫೆಬ್ರುವರಿ. ಹೊರಗೆ
ಮೀನು ಬಾರದ ಬಂದರಿನ ಮೇಲೆ ಕಡಲಹಕ್ಕಿಗಳು
ಹಳೇ ಬಾಕಿ ವಸೂಲಿಗೆ ಬಂದವರಂತೆ ಕಿರುಚುತ್ತಿವೆ.
ನಾರ್ಮನ್ ತರ್ಕೆಲ್, ಕ್ಯಾಷಿಯರ್, ಮೂವತ್ತೊಂದು ವರ್ಷದ ಸರ್ವೀಸು,
ಹೋದ ಗುರುವಾರ ಟೀ ಕುಡಿಯಲು ಎದ್ದವನು
ಇನ್ನೂ ಕುಡಿಯುತ್ತಿದ್ದಾನೆ.
ಕೋಟು ಗೂಟದಲ್ಲೇ ಇದೆ. ಜೇಬಿನಲ್ಲಿ
ಮನೆಗೆ ಮರಳುವ ಬಸ್ಸಿನ ಟಿಕೆಟ್ಟು, ಹರಿಯದೆ.

ಲೀಡ್ಸ್‌ನಿಂದ ನನ್ನನ್ನು ಕಳಿಸಿದರು. ಆಡಿಟರ್ ಅಂಗಡಿ,
ಈ ಕೆಲಸಕ್ಕೆ ಐದೇ ವಾರದ ಹಳಬಳು.
ಹೆಸರಿನ ಅರ್ಥ ಕೇಳಿ ಮ್ಯಾನೇಜರ್ ಮೊರೀನ್ ನಕ್ಕಳು,
ಆಮೇಲೆ ನಗಲಿಲ್ಲ.

ಅವನ ಮೇಜಿನ ಖಾನೆಯಲ್ಲಿ ಕಣ್ಣಿಗೆ ಬಿಡುವ ಹನಿ,
ರಬ್ಬರ್ ಬ್ಯಾಂಡುಗಳ ಒಂದು ಉಂಡೆ,
ಲೈಬ್ರರಿಯಿಂದ ತಂದ ಒಂದು ಥ್ರಿಲ್ಲರು.
ರಟ್ಟಿನ ಮೇಲೆ ತಿಜೋರಿ, ತಿಜೋರಿಯ ಬಾಯಲ್ಲಿ ರಕ್ತ.

ಕಾದಂಬರಿಯ ಕಳ್ಳರು ಸುರಂಗ ತೋಡುತ್ತಾರೆ,
ಹೆಲಿಕಾಪ್ಟರು ತರುತ್ತಾರೆ, ಕಾವಲುಗಾರನ ಹೆಂಡತಿಯನ್ನು ಪ್ರೀತಿಸುತ್ತಾರೆ.
ಅಂಚಿನಲ್ಲಿ ನಾರ್ಮನ್ನನ ಪೆನ್ಸಿಲು,
ಮಗ್ಗಿ ತಪ್ಪಿದ ಹುಡುಗನನ್ನು ಮೇಷ್ಟ್ರು ತಿದ್ದುವ ಹಾಗೆ:

ಪುಟ ೪೧. ಕನ್ನ ಯಾಕೆ? ಬಾಗಿಲು ಒಂಬತ್ತೂವರೆಗೆ ತೆರೆಯುತ್ತದೆ.
ಪುಟ ೭೮. ಪಿಸ್ತೂಲಿಗಿಂತ ಮೋಹರು ಹಗುರ.
ಪುಟ ೧೧೨. ಸತ್ತವರು ಪಾಸ್‌ಬುಕ್ ಕೇಳುವುದಿಲ್ಲ.

ಅಲ್ಲಿಗೆ ನನ್ನ ಕಾಫಿ ಆರಿತು.

ಸತ್ತವರನ್ನು ತೆರೆದೆ. ಇಪ್ಪತ್ತಮೂರು ಖಾತೆ.
ಐಸ್‌ಲ್ಯಾಂಡಿನ ಸಮುದ್ರಕ್ಕೆ ಗಂಡಂದಿರನ್ನು ಕೊಟ್ಟು
ಪರಿಹಾರದ ಹಣ ಮುಟ್ಟದೆ ತೀರಿಹೋದ ಮುದುಕಿಯರು.
ಈಡಿತ್ ಬ್ಲಾಂಚರ್ಡ್, ಮಣ್ಣಾದದ್ದು ೨೦೦೯,
ಈ ಕ್ರಿಸ್‌ಮಸ್‌ಗೆ ಒಂಬೈನೂರ ನಲವತ್ತು ಪೌಂಡು ತೆಗೆದಿದ್ದಾಳೆ.
ಸಾವಿರದ ಗೆರೆಯನ್ನು ಯಾವಳೂ ದಾಟಿಲ್ಲ:
ಸಾವಿರಕ್ಕೆ ಎಲ್ಲೋ ಒಂದು ಗಂಟೆ ಬಾರಿಸುತ್ತದೆ,
ಸತ್ತವರಿಗೂ ಗೊತ್ತು.
ಒಟ್ಟು ನಾಲ್ಕು ಲಕ್ಷದ ಹದಿನೆಂಟು ಸಾವಿರ.
ಎಲ್ಲಿಗೆ ಹೋಯಿತು ಎಂದೆ. ಮೊರೀನ್
ಕಿಟಕಿಯಾಚೆ ನೋಡಿದಳು, ಬಹಳ ಹೊತ್ತು.

ಹುಬ್ಬಳ್ಳಿಯ ದಲಾಲಿ ಅಂಗಡಿಯಲ್ಲಿ ನಮ್ಮಪ್ಪ
ಹೊಸ ಕಿರ್ದಿಯ ಮೊದಲ ಪುಟಕ್ಕೆ ಶ್ರೀ ಬರೆದು ಅರಿಶಿನ ಹಚ್ಚುತ್ತಿದ್ದ.
ಮುಂದಿನ ಪುಟಗಳನ್ನು
ದೇವರೂ ತೆರೆದು ನೋಡುತ್ತಿರಲಿಲ್ಲ.

ಪುಟ ೨೦೩ರಲ್ಲಿ ನಾಯಕ ಒಬ್ಬನೇ ತಿಜೋರಿ ತೆರೆಯುತ್ತಾನೆ.
ಕಾಗದ ಹರಿಯುವಷ್ಟು ಒತ್ತಿ ಗೆರೆ ಎಳೆದಿದ್ದಾನೆ ನಾರ್ಮನ್:
ಸುಳ್ಳು. ಯಾವ ಬ್ಯಾಂಕಿನಲ್ಲೂ ಒಂದು ಕೀಲಿ ಸಾಲದು.

ಸರಿ, ಎರಡನೆಯದು ಯಾರದು?
ಮೊರೀನ್‌ಳ ಹೊಸ ಕಾರು ನೋಡಿದೆ, ಹೊಸ ಹಲ್ಲು ನೋಡಿದೆ,
ಮನಸ್ಸಿನಲ್ಲೇ ಅರ್ಧ ವರದಿ ಬರೆದೆ.
ಆಮೇಲೆ ಪರದೆಯಲ್ಲಿ ಒಪ್ಪಿಗೆಯ ಸಾಲು ತೆರೆದೆ.
ಪ್ರತಿ ಗುರುವಾರ, ಸಂಜೆ ನಾಲ್ಕು ಐವತ್ತು,
ಲೀಡ್ಸ್ ಕಚೇರಿ, ಸಂಖ್ಯೆ ೬೬೧೭.

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿಕೊಂಡನಂತೆ.
ನಾನು ಕೊರಳು ಮುಟ್ಟಿಕೊಂಡೆ.
ಗುರುತಿನ ಚೀಟಿ ಅಲ್ಲೇ ತೂಗುತ್ತಿತ್ತು, ೬೬೧೭,
ಐದೂ ಹತ್ತರ ರೈಲಿಗೆ ಓಡುವ ಮುನ್ನ
ಅರವತ್ತರ ಕಟ್ಟಿಗೆ ಒಂದೇ ಬೆರಳಲ್ಲಿ ‘ಸರಿ’ ಒತ್ತುತ್ತಿದ್ದ
ನಗುಮೊಗದ ನಾನು.
ನನ್ನ ಹಳೇ ಕುರ್ಚಿಗೆ ಬಂದ ಹುಡುಗ ಓದಿ ಒತ್ತುತ್ತಾನೆ.
ಅದಕ್ಕೇ ನಾರ್ಮನ್‌ಗೆ ಟೀ ನೆನಪಾಗಿದೆ.

ಕೊನೆಯ ಪುಟದಲ್ಲಿ ಪೊಲೀಸನು ಸೂರ್ಯಾಸ್ತ ನೋಡುತ್ತಾನೆ.
ಕೆಳಗೆ, ಮುದ್ದಾದ ಅಕ್ಷರದಲ್ಲಿ:
ಸಿಕ್ಕಿಬೀಳುವವನು ಕದ್ದವನಲ್ಲ,
ಓದದೆ ರುಜು ಹಾಕಿದವನು.

ಸಂಜೆ ಲೈಬ್ರರಿಗೆ ಹೋದೆ. ಗಡುವು ಮೀರಿ ಹನ್ನೊಂದು ದಿನ.
ಕೌಂಟರಿನ ಹುಡುಗಿ ಪುಟ ತಿರುವಿದಳು:
‘ಅಂಚು ಎಷ್ಟು ಸ್ವಚ್ಛ! ಜನ ಏನೇನೋ ಗೀಚಿ ಕೊಡುತ್ತಾರೆ.’
ಕರೀ ಕೋಟಿನ ತೋಳಿನಿಂದ ರಬ್ಬರಿನ ಪುಡಿ ಕೊಡವಿದೆ.
೨೦೩ಕ್ಕೆ ಬಂದು ಬೆರಳು ನಿಂತಿತು. ಹರಿದ ಗೆರೆಯಿಂದ
ದೀಪದ ಬೆಳಕು ತೂರುತ್ತಿತ್ತು.
ಎರಡು ಪೌಂಡು ಇಪ್ಪತ್ತು ಪೆನ್ಸ್ ದಂಡ. ಹರಿದದ್ದಕ್ಕೆ ಬೇರೆ.
ರಸೀದಿಗೊಂದು ರುಜು ಎಂದಳು.

ಓದಿದೆ. ಮೇಲಿನ ಲಾಂಛನದಿಂದ
ಕೆಳಗಿನ ಮುದ್ರಣಾಲಯದ ಹೆಸರಿನವರೆಗೆ,
ಹಿಂದೆ ಸಾಲು ಬೆಳೆದು ಯಾರೋ ಕೆಮ್ಮಿದರೂ,
ಇನ್ನೊಮ್ಮೆ ಓದಿದೆ.